ಗಣಿಗೆ ಬೀಗ ಹಾಕಬಹುದು, ನೀರಿಗೆ?

2018ರ ಡಿಸೆಂಬರ್. ಮೇಘಾಲಯದ ಪೂರ್ವ ಜೈಂತಿಯಾ ಹಿಲ್ಸ್ ಜಿಲ್ಲೆಯ ಕ್ಸಾನ್ ಅನ್ನೋ ಜಾಗದಲ್ಲಿ ಒಂದು ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗಿತು. ಒಳಗೆ 15 ಮಂದಿ ಕಾರ್ಮಿಕರು. ಮನುಷ್ಯ ತೆವಳಿಕೊಂಡು ಹೋಗಬೇಕಾದಷ್ಟು ಸಣ್ಣ ಬಿಲಗಳ ಗಣಿ ಅದು. ‘ಇಲಿ ಬಿಲದ ಗಣಿ’ ಅಂತಲೇ ಅದಕ್ಕೆ ಹೆಸರು. ಇಂಥ ಗಣಿಗಾರಿಕೆಯನ್ನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು. ಆದರೂ ನಡೀತಿತ್ತು.

ಆ ದಿನಗಳಲ್ಲಿ ರಾತ್ರಿ ಬುಲೆಟಿನ್ ನನ್ನದು. ದಿನಾ ಅದೇ ಸುದ್ದಿ ಓದ್ತಿದ್ದೆ. ಪಂಪ್ ಬಂತು, ಇನ್ನೂ ದೊಡ್ಡ ಪಂಪ್ ಬಂತು, ನೌಕಾಪಡೆಯ ಮುಳುಗುಗಾರರು ಬಂದರು. ನೀರಿನ ಮಟ್ಟ ಮಾತ್ರ ಇಳೀಲಿಲ್ಲ. ನಾನು ಎಂಜಿನಿಯರಿಂಗ್ ಓದಿದವನು. ನನ್ನ ತಲೆಯಲ್ಲಿ ಓಡ್ತಿದ್ದದ್ದು ಒಂದೇ ಲೆಕ್ಕ. ಇಷ್ಟು ಹಾರ್ಸ್‌ಪವರ್ ಪಂಪ್ ಹಾಕಿದರೆ ಗಂಟೆಗೆ ಇಷ್ಟು ಲೀಟರ್ ಹೊರಗೆ ಬರಬೇಕು, ಇಷ್ಟು ದಿನಕ್ಕೆ ಗಣಿ ಖಾಲಿ ಆಗಬೇಕು. ಯಾಕೆ ಆಗ್ತಿಲ್ಲ?

ಉತ್ತರ ಸಿಕ್ಕಿದ್ದು ಆಮೇಲೆ. ಪಕ್ಕದಲ್ಲಿ ಹಳೇ ಗಣಿಗಳಿದ್ದವು. ಕಲ್ಲಿದ್ದಲು ತೆಗೆದು ಹಂಗೇ ಬಿಟ್ಟುಹೋದ ಗುಂಡಿಗಳು, ಮಳೆನೀರು, ಹೊಳೆನೀರು ತುಂಬಿಕೊಂಡು ಕೂತಿದ್ದ ಗುಂಡಿಗಳು. ಯಾವುದು ಯಾವುದಕ್ಕೆ ಒಳಗೊಳಗೇ ಸೇರಿಕೊಂಡಿದೆ ಅನ್ನೋದಕ್ಕೆ ಒಂದು ನಕ್ಷೆ ಕೂಡ ಇರಲಿಲ್ಲ. ಇಲ್ಲಿಂದ ಎತ್ತಿದ ನೀರಿನ ಜಾಗಕ್ಕೆ ಅಲ್ಲಿಂದ ನೀರು ಬರ್ತಾನೇ ಇತ್ತು. ಹದಿನೈದು ಜನರಲ್ಲಿ ಹೊರಗೆ ತೆಗೆಯೋಕೆ ಆಗಿದ್ದು ಇಬ್ಬರ ದೇಹ ಮಾತ್ರ.

ಅವತ್ತಿನಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿದೆ. ಗಣಿ ಅಂದ ತಕ್ಷಣ ನಾವು ಅದಿರಿನ ಬಗ್ಗೆ ಮಾತಾಡ್ತೀವಿ. ಎಷ್ಟು ಟನ್, ಎಷ್ಟು ರಾಯಲ್ಟಿ, ಎಷ್ಟು ಲಾರಿ. ಗಣಿಯೊಳಗಿನ ನೀರು ಯಾರದ್ದು? ಅದರ ಲೆಕ್ಕ ಬರೆಯೋರು ಯಾರು? ಗಣಿ ಮುಚ್ಚಿದ ಮೇಲೆ ಅದನ್ನ ಕಾಯೋರು ಯಾರು?

ಈ ಪ್ರಶ್ನೆ ಹೊಸದೇನಲ್ಲ. ಇದಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದು ಶುರುವಾಗೋದು ಇಂಗ್ಲೆಂಡಿನ ಒಂದು ಹತ್ತಿ ಗಿರಣಿಯಲ್ಲಿ.

ಲ್ಯಾಂಕಶೈರ್, 1860. ಜಾನ್ ರೈಲ್ಯಾಂಡ್ಸ್ ಅಂತ ಒಬ್ಬ ಗಿರಣಿ ಮಾಲೀಕ. ಗಿರಣಿಗೆ ನೀರು ಬೇಕು ಅಂತ ಕಂಟ್ರಾಕ್ಟರ್ ಹಿಡಿದು ಒಂದು ಕೆರೆ ಕಟ್ಟಿಸಿದ. ಕೆಲಸ ಮಾಡುವಾಗ ಕೆಳಗೆ ಮಣ್ಣು ತುಂಬಿದ ಹಳೇ ಬಾವಿಯಂಥ ಗುಂಡಿಗಳು ಸಿಕ್ಕವು. ಅವು ಯಾವುದೋ ಕಾಲದ ಗಣಿಯ ಬಾಯಿಗಳು. ಕಂಟ್ರಾಕ್ಟರ್‌ಗಳು ಅವನ್ನ ಸರಿಯಾಗಿ ಮುಚ್ಚಲಿಲ್ಲ. ಮಾಲೀಕನಿಗೆ ವಿಷಯವೇ ಗೊತ್ತಿರಲಿಲ್ಲ. ಕೆರೆಗೆ ನೀರು ಬಿಟ್ಟರು. ಡಿಸೆಂಬರ್‌ನಲ್ಲಿ ಒಂದು ದಿನ ಕೆರೆಯ ತಳ ಬಾಯಿಬಿಟ್ಟಿತು. ನೀರು ಹಳೇ ಸುರಂಗಗಳ ದಾರಿ ಹಿಡಿದು ಹೋಗಿ, ಪಕ್ಕದಲ್ಲಿ ಥಾಮಸ್ ಫ್ಲೆಚರ್ ನಡೆಸ್ತಿದ್ದ ಕಲ್ಲಿದ್ದಲು ಗಣಿಯನ್ನ ಮುಳುಗಿಸಿಬಿಟ್ಟಿತು.

ಫ್ಲೆಚರ್ ಕೋರ್ಟಿಗೆ ಹೋದ. ಮೊದಲ ಸುತ್ತಿನಲ್ಲಿ ಸೋತ. ‘ನನ್ನ ತಪ್ಪೇನಿದೆ? ನನಗೆ ಗೊತ್ತೇ ಇರಲಿಲ್ವಲ್ಲ’ ಅನ್ನೋದು ರೈಲ್ಯಾಂಡ್ಸ್ ವಾದ. ಕೇಸು ಮೇಲೆ ಮೇಲೆ ಹೋಗಿ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಅದರ ಸಾರಾಂಶ ಇಷ್ಟು: ತಪ್ಪಿಸಿಕೊಂಡರೆ ಬೇರೆಯವರಿಗೆ ಅಪಾಯ ಆಗುವಂಥದ್ದನ್ನ ನಿನ್ನ ಜಮೀನಿನಲ್ಲಿ ತಂದು ಕೂಡಿಟ್ಟಿದ್ದೀಯಾ ಅಂದರೆ ಅದನ್ನ ಕಾಯೋ ಜವಾಬ್ದಾರಿ ನಿನ್ನದೇ. ಗೊತ್ತಿರಲಿಲ್ಲ ಅನ್ನೋದು ನೆಪ ಆಗಲ್ಲ.

ಕಾನೂನು ಓದೋ ಹುಡುಗರಿಗೆ ಇವತ್ತಿಗೂ ಈ ಕೇಸು ಪಾಠ. ನಮ್ಮ ಸುಪ್ರೀಂ ಕೋರ್ಟ್ 1986ರ ಡಿಸೆಂಬರ್‌ನಲ್ಲಿ, ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, ಇದನ್ನೇ ಎದುರಿಗಿಟ್ಟುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಪಾಯಕಾರಿ ಉದ್ಯಮ ನಡೆಸೋರಿಗೆ ಯಾವ ವಿನಾಯಿತಿಯೂ ಇಲ್ಲ, ಹೊಣೆ ಸಂಪೂರ್ಣ ಅವರದ್ದೇ ಅಂತ ಹೇಳಿತು. ಅನಿಲದ ಕೇಸಿಗೆ ದಾರಿ ತೋರಿಸಿದ ಈ ನಿಯಮ ಹುಟ್ಟಿದ್ದು ಒಂದು ಹಳೇ ಗಣಿ ಮತ್ತು ಒಂದು ಕೆರೆ ನೀರಿನಿಂದ. ನನಗೆ ಇದು ಗೊತ್ತಾದಾಗ ನಿಜಕ್ಕೂ ಆಶ್ಚರ್ಯ ಆಗಿತ್ತು.

ಕೋರ್ಟಿನ ತೀರ್ಪು ಪುಸ್ತಕದಲ್ಲಿರುತ್ತೆ. ನೆಲದ ಕೆಳಗೆ ಏನಾಗುತ್ತೆ?

1975ರ ಡಿಸೆಂಬರ್ 27. ಧನಬಾದ್ ಹತ್ತಿರದ ಚಾಸ್‌ನಾಲಾ ಕಲ್ಲಿದ್ದಲು ಗಣಿ. ಮಧ್ಯಾಹ್ನದ ಹೊತ್ತು. ಕೆಲಸ ನಡೀತಿದ್ದ ಸುರಂಗಗಳ ಮೇಲ್ಭಾಗದಲ್ಲಿ ಹಳೇ, ಕೈಬಿಟ್ಟ ಸುರಂಗಗಳಿದ್ದವು. ಅದರಲ್ಲಿ ವರ್ಷಗಟ್ಟಲೆ ನೀರು ನಿಂತಿತ್ತು. ನಡುವಿನ ತಡೆ ಒಡೀತು. ಕೆಳಗಿದ್ದವರಿಗೆ ಓಡೋಕೂ ಸಮಯ ಸಿಗಲಿಲ್ಲ. 370ಕ್ಕೂ ಹೆಚ್ಚು ಜನ ಸತ್ತರು. ನೀರೆತ್ತೋಕೆ ವಿದೇಶದಿಂದಲೂ ಪಂಪ್ ತರಿಸಬೇಕಾಯಿತು. ಕ್ರಿಮಿನಲ್ ಕೇಸಿನ ತೀರ್ಪು ಬಂದಾಗ 2012 ಆಗಿತ್ತು. ಅಮಿತಾಭ್ ಬಚ್ಚನ್ ಅವರ ‘ಕಾಲಾ ಪತ್ಥರ್’ ನೋಡಿದ್ದೀರಲ್ಲ? 1979ರ ಆ ಸಿನಿಮಾಕ್ಕೆ ಈ ದುರಂತವೇ ಪ್ರೇರಣೆ. ಸಿನಿಮಾ ನಮಗೆ ನೆನಪಿದೆ. ಗಣಿಯ ಪಾಠ ನೆನಪಿಲ್ಲ. ನೆನಪಿದ್ದಿದ್ರೆ 43 ವರ್ಷದ ನಂತರ ಕ್ಸಾನ್ ಆಗ್ತಿರಲಿಲ್ಲ.

ಗಣಿ ಮತ್ತು ನೀರಿನ ಸಂಬಂಧ ಏನು ಅಂತ ಸರಳವಾಗಿ ಹೇಳ್ತೀನಿ. ನಿಮ್ಮ ಹೊಲದಲ್ಲಿ ಬಾವಿ ಇದೆ. ಪಕ್ಕದವರು ನಿಮಗಿಂತ ಆಳಕ್ಕೆ ಬೋರ್ ಕೊರೆಸಿ ಹಗಲೂ ರಾತ್ರಿ ಮೋಟಾರ್ ಓಡಿಸಿದರು. ನಿಮ್ಮ ಬಾವಿ ಏನಾಗುತ್ತೆ? ಬತ್ತುತ್ತೆ. ಇದು ಕೋಲಾರದವರಿಗೂ ಗೊತ್ತು, ಚಿತ್ರದುರ್ಗದವರಿಗೂ ಗೊತ್ತು. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಇಳಿದ ಗಣಿ ಗುಂಡಿ ಅಂದರೆ ಎಕರೆಗಟ್ಟಲೆ ಅಗಲದ ಒಂದು ಬಾವಿ. ಸುತ್ತಲಿನ ನೆಲದ ನೀರೆಲ್ಲ ಅಲ್ಲಿಗೆ ಇಳಿಯುತ್ತೆ. ಕೆಲಸ ನಡೀಬೇಕು ಅಂದರೆ ಆ ನೀರನ್ನ ಎತ್ತಿ ಹೊರಗೆ ಹಾಕಲೇಬೇಕು. ಎತ್ತಿದರೆ ಅಕ್ಕಪಕ್ಕದ ಬಾವಿ ಕೆಳಗಿಳಿಯುತ್ತೆ. ಹೊರಗೆ ಬಿಟ್ಟ ನೀರು ಮಣ್ಣು ಹೊತ್ತುಕೊಂಡು ಹಳ್ಳ ಸೇರುತ್ತೆ. ಪಂಪ್ ನಿಲ್ಲಿಸಿದರೆ ಗುಂಡಿ ತುಂಬುತ್ತೆ. ಮೂರರಲ್ಲಿ ಯಾವುದಾದರೂ ಒಂದು ಆಗೇ ಆಗುತ್ತೆ.

ಈಗ ನಮ್ಮ ಮನೆಗೆ ಬರೋಣ.

ಚಾಸ್‌ನಾಲಾದಲ್ಲಿ ಇನ್ನೂ ನೀರೆತ್ತುವ, ದೇಹ ಹುಡುಕುವ ಸುದ್ದಿ ಪತ್ರಿಕೆಗಳಲ್ಲಿ ಬರ್ತಿದ್ದ ಆ ವರ್ಷವೇ, 1976ರ ಏಪ್ರಿಲ್‌ನಲ್ಲಿ, ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆ ಆಯಿತು. ಆ ಬೆಟ್ಟದಲ್ಲಿ ಅದಿರಿದೆ ಅಂತ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಗುಣಮಟ್ಟ ಕಡಿಮೆ. ಅದರಲ್ಲಿ ಕಬ್ಬಿಣ ಇದ್ದದ್ದು ನೂರಕ್ಕೆ ಸುಮಾರು 38 ಭಾಗ. ಇರಾನಿನ ದೊರೆ ಷಾ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕು ಅಂತ 63 ಕೋಟಿ ಡಾಲರ್ ಸಾಲ ಕೊಡೋಕೆ ಮುಂದೆ ಬಂದ. ಕಾಡಿನ ನಡುವೆ ಟೌನ್‌ಶಿಪ್ ಎದ್ದಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಗಿ ಷಾ ದೇಶಬಿಟ್ಟ. ಗಿರಾಕಿ ಮಾಯ. ಆದರೂ 1980ರಲ್ಲಿ ಕಾರ್ಖಾನೆ ಶುರುವಾಯಿತು, ಮರುವರ್ಷ ಬೇರೆ ದೇಶಕ್ಕೆ ಹಡಗು ಹೊರಟಿತು.

ಇಲ್ಲಿವರೆಗಿನ ಕಥೆ ನಿಮಗೆ ಗೊತ್ತಿರಬಹುದು. ನಾನು ಹೇಳಬೇಕು ಅಂತಿರೋದು ಇದರೊಳಗಿನ ನೀರಿನ ಕಥೆ.

ಅದು ವರ್ಷಕ್ಕೆ 6000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಜಾಗ. ಬೆಂಗಳೂರಿಗೆ ಬೀಳುವ ಮಳೆಯ ಐದಾರು ಪಟ್ಟು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಇದೇ ಬೆಟ್ಟಸಾಲಿನಲ್ಲಿ. ಗಣಿಯ ಪಕ್ಕದಲ್ಲೇ ಹರಿಯೋದು ಭದ್ರೆ. ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಶುದ್ಧಗೊಳಿಸಿದ ಅದಿರಿನ ಪುಡಿ. 38 ಭಾಗದ ಅದಿರನ್ನ 67 ಭಾಗಕ್ಕೆ ಏರಿಸಬೇಕು ಅಂದರೆ ಒಂದು ಟನ್ ಪುಡಿಗೆ ಕನಿಷ್ಠ ಒಂದೂಮುಕ್ಕಾಲು ಟನ್ ಅದಿರು ಬೇಕು. ಇದು ಕಾಗದದ ಮೇಲಿನ ಲೆಕ್ಕ, ನಿಜವಾಗಿ ಇನ್ನೂ ಜಾಸ್ತಿ. ಉಳಿದ ಕೆಸರು ಎಲ್ಲಿಗೆ?

ಅದಕ್ಕೆ ಕಟ್ಟಿದ್ದು ಲಕ್ಯಾ ಅಣೆಕಟ್ಟು. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ, ಸುಮಾರು 100 ಮೀಟರ್ ಎತ್ತರದ ಮಣ್ಣಿನ ಒಡ್ಡು. ಲಿಂಗನಮಕ್ಕಿ, ಕೆಆರ್‌ಎಸ್ ಹೆಸರು ನಮಗೆಲ್ಲ ಬಾಯಿಪಾಠ. ಅವುಗಳಿಗಿಂತ ಎತ್ತರದ ಒಡ್ಡು ಇದು. ಹಿಂದೆ ತುಂಬಿರೋದು ಬರೀ ನೀರಲ್ಲ, ಗಣಿಯ ಕೆಸರು.

ಇನ್ನು ಪುಡಿ ಮಂಗಳೂರಿಗೆ ಹೋಗಿದ್ದು ಹೇಗೆ? ಲಾರಿಯಲ್ಲಲ್ಲ. ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿದರು. ಎಂಜಿನಿಯರ್ ಆಗಿ ನೋಡಿದರೆ ಅದ್ಭುತ ಕೆಲಸ, ನಾನು ಚಪ್ಪಾಳೆ ಹೊಡೀತೀನಿ. ಲಾರಿಗಳ ಧೂಳಿಲ್ಲ, ಡೀಸೆಲ್ ಇಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿ. ಪೂರ್ವಕ್ಕೆ ಹರಿಯಬೇಕಾದ ನೀರು ಅದಿರಿನ ಜೊತೆ ಪಶ್ಚಿಮದ ಕರಾವಳಿಗೆ ಇಳೀತು. ಕಾವೇರಿಯ ಒಂದು ಟಿಎಂಸಿಗೆ, ಮಹದಾಯಿಯ ಒಂದು ಟಿಎಂಸಿಗೆ ನಾವು ಸ್ಟುಡಿಯೋದಲ್ಲಿ ರಾತ್ರಿಯೆಲ್ಲ ಜಗಳ ಆಡಿಸ್ತೀವಿ. ಈ ಪೈಪಿನ ನೀರಿನ ಬಗ್ಗೆ ಒಂದು ಡಿಬೇಟ್ ಆಗಿದ್ದು ನನಗೆ ನೆನಪಿಲ್ಲ. ಪ್ರಮಾಣ ದೊಡ್ಡದಲ್ಲ ಅಂತ ನೀವು ಹೇಳಬಹುದು, ಒಪ್ಪೋಣ. ಆದರೆ ಅದಿರಿಗೆ ತೂಕ ಇತ್ತು, ಬೆಲೆ ಇತ್ತು, ಗಿರಾಕಿ ಇದ್ದ. ಆ ನೀರಿಗೆ ವಾರಸುದಾರ ಯಾರು?

ನದಿಯ ಕೆಳಗಿದ್ದವರು. ಕಳಸ, ಬಾಳೆಹೊನ್ನೂರು ದಾಟಿ ಭದ್ರೆ ಲಕ್ಕವಳ್ಳಿಯ ಅಣೆಕಟ್ಟೆಗೆ ಬರುತ್ತೆ. 71 ಟಿಎಂಸಿಯ ಜಲಾಶಯ. ಶಿವಮೊಗ್ಗ, ದಾವಣಗೆರೆ ಕಡೆಯ ಭತ್ತ, ಅಡಿಕೆ, ತೆಂಗು ನಿಂತಿರೋದು ಅದರ ಮೇಲೆ. ನಮ್ಮಜ್ಜಿ ಊರು ಭದ್ರಾ ನಾಲೆಯ ಕೊನೇ ಭಾಗದಲ್ಲಿದೆ. ನಮ್ಮ ಮಾವ ನಾಲೆ ನೀರಿಗಾಗಿ ರಾತ್ರಿಯೆಲ್ಲ ಟಾರ್ಚ್ ಹಿಡಿದು ತೂಬಿನ ಹತ್ತಿರ ಕಾಯ್ತಿದ್ದದ್ದನ್ನ ನಾನು ನೋಡಿದ್ದೀನಿ. ಅವರ ಹಕ್ಕು ಅಂದರೆ ಅವರ ಪಾಲಿಗೆ ತೂಬಿನಿಂದ ಈಚೆಗೆ. ತೂಬಿನ ಆಚೆ, ನೂರಾರು ಕಿಲೋಮೀಟರ್ ಮೇಲೆ, ಬೆಟ್ಟ ಅಗೆದ ಕೆಮ್ಮಣ್ಣು ತಮ್ಮ ಜಲಾಶಯದ ಕಡೆ ಬರ್ತಿದ್ರೆ ಯಾರನ್ನ ಕೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಕೇಳೋ ಹಕ್ಕು ತಮಗಿದೆ ಅಂತಲೂ ಗೊತ್ತಿರಲಿಲ್ಲ.

ಆ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ, ಹಿಮಾಚಲದ ಬಿಯಾಸ್ ನದಿಯ ಪ್ರಕರಣದಲ್ಲಿ. ನದಿ, ಕಾಡು, ಕಡಲತೀರ ಇವೆಲ್ಲ ಜನರ ಆಸ್ತಿ, ಸರ್ಕಾರ ಅದರ ಟ್ರಸ್ಟಿ ಮಾತ್ರ ಅಂತ. ಟ್ರಸ್ಟಿ ಆಸ್ತಿಯನ್ನ ಕಾಯಬೇಕು, ಮನಸ್ಸಿಗೆ ಬಂದ ಹಾಗೆ ಹಂಚೋ ಹಾಗಿಲ್ಲ.

ಕುದುರೆಮುಖದ ಗುತ್ತಿಗೆ ಮುಗಿದಿದ್ದು 1999ರಲ್ಲಿ. ಅಷ್ಟೊತ್ತಿಗೆ ಅದು ರಾಷ್ಟ್ರೀಯ ಉದ್ಯಾನದ ಪ್ರದೇಶ. 1987ರಲ್ಲೇ ಅಧಿಸೂಚನೆ ಹೊರಟಿತ್ತು. ಗುತ್ತಿಗೆ ಮುಂದುವರಿಸಬೇಕು ಅಂತ ಕಂಪನಿ, ಬೇಡ ಅಂತ ಮಲೆನಾಡಿನ ಹೋರಾಟಗಾರರು. ತುಂಗಾ ಮೂಲ ಉಳಿಸಿ ಅಂತ ಜನ ಬೀದಿಗಿಳಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಾದದ ಒಂದು ಮುಖ್ಯ ಎಳೆ ಹೂಳು. ಮಳೆ ಇಷ್ಟು ಬೀಳುವ ಜಾಗದಲ್ಲಿ ಮಣ್ಣು ಕೊಚ್ಚಿಹೋಗೋದು ಸಹಜ ಅನ್ನೋದು ಒಂದು ಕಡೆ. ಅಗೆದ ಬೆಟ್ಟದಿಂದಲೇ ಇಷ್ಟು ಹೂಳು ಅನ್ನೋದು ಇನ್ನೊಂದು ಕಡೆ. ಎರಡೂ ಕಡೆ ತಜ್ಞರು, ಎರಡೂ ಕಡೆ ವರದಿ. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು. ಈಗಾಗಲೇ ಅಗೆದ ಜಾಗದಲ್ಲಿ 2005ರ ಕೊನೆವರೆಗೆ ಮಾತ್ರ, ಆಮೇಲೆ ಇಲ್ಲ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಅಲ್ಲಿ ದುಡಿದವರ ನೋವನ್ನ ಮರೆಯೋಕಾಗಲ್ಲ. ಆ ಟೌನ್‌ಶಿಪ್‌ನಲ್ಲಿ ಹುಟ್ಟಿ, ಅಲ್ಲೇ ಶಾಲೆ ಓದಿದ ಗೆಳೆಯ ಒಬ್ಬ ನನ್ನ ಕಾಲೇಜಿನಲ್ಲಿದ್ದ. ‘ನಿಮಗೆಲ್ಲ ನದಿ ಉಳೀತು ಮಗಾ, ನಮ್ಮ ಊರೇ ಹೋಯ್ತು’ ಅಂತಿದ್ದ. ಹೊರನಾಡಿಗೆ ಹೋಗುವ ದಾರಿಯಲ್ಲಿ ನಾನು ಆ ಊರು ನೋಡಿದೆ. ಕಿಟಕಿ ಇಲ್ಲದ ಕ್ವಾರ್ಟರ್ಸ್, ಪಾಚಿ ಹಿಡಿದ ಗೋಡೆ. ಅವನಿಗೆ ಏನು ಉತ್ತರ ಕೊಡಬೇಕು ಅಂತ ಆಗಲೂ ತಿಳೀಲಿಲ್ಲ, ಈಗಲೂ ತಿಳಿದಿಲ್ಲ.

ಆದರೆ ನನ್ನ ಮಾತು ತೀರ್ಪಿನ ಬಗ್ಗೆ ಅಲ್ಲ, ತೀರ್ಪಿನ ನಂತರದ ಬಗ್ಗೆ. ಗಣಿ ನಿಂತಿತು, ಸಂಭ್ರಮ ಆಯಿತು, ಕ್ಯಾಮೆರಾಗಳು ವಾಪಸ್ ಬಂದವು. ಲಕ್ಯಾ ಒಡ್ಡು ಎಲ್ಲಿಗೆ ಹೋಗುತ್ತೆ? ಅದು ಅಲ್ಲೇ ಇದೆ. ಪ್ರತಿ ಮುಂಗಾರಿಗೂ ಅದೇ 6000 ಮಿಲಿಮೀಟರ್ ಮಳೆ ಅದರ ಮೇಲೆ ಬೀಳುತ್ತೆ. ಪ್ರತಿ ವರ್ಷ ಯಾರೋ ಒಬ್ಬರು ಅದರ ಕೋಡಿ ನೋಡಬೇಕು, ಸೋರುವ ನೀರನ್ನ ಅಳೀಬೇಕು, ಹುಲ್ಲು ಬೆಳೆದಿದೆಯಾ, ಕೊರಕಲು ಬಿದ್ದಿದೆಯಾ ಅಂತ ನೋಡಬೇಕು. ಎಲ್ಲಿಯವರೆಗೆ? ಹತ್ತು ವರ್ಷ? ಐವತ್ತು? ಬೆಟ್ಟ ಇರೋವರೆಗೆ, ಮಳೆ ಇರೋವರೆಗೆ.

ಆ ಒಡ್ಡು ಬಿರುಕು ಬಿಟ್ಟಿದೆ ಅಂತ ನಾನು ಹೇಳ್ತಿಲ್ಲ. ಬ್ರೇಕಿಂಗ್ ನ್ಯೂಸ್ ಮಾಡಿ ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದರೆ ಒಂದು ಘಟನೆ ನೆನಪಿಸ್ತೀನಿ. ಕ್ಸಾನ್‌ನಲ್ಲಿ ಇನ್ನೂ ಪಂಪ್ ಓಡ್ತಿತ್ತು. 2019ರ ಜನವರಿ 25, ಬ್ರೆಜಿಲ್‌ನ ಬ್ರುಮಾಡಿನ್ಯೋ. ಒಂದು ಕಬ್ಬಿಣದ ಅದಿರು ಗಣಿಯ ಕೆಸರು ಅಣೆಕಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಕುಸೀತು. 270 ಜನ ಸತ್ತರು. ಆ ಅಣೆಕಟ್ಟಿಗೆ ಕೆಸರು ಬಿಡೋದನ್ನ ನಿಲ್ಲಿಸಿ ಆಗಲೇ ಸುಮಾರು ಮೂರು ವರ್ಷ ಆಗಿತ್ತು. ಕೆಲಸ ನಿಲ್ಲಿಸಿದ ಅಣೆಕಟ್ಟು ಅಪಾಯ ಕೊಡೋದನ್ನ ನಿಲ್ಲಿಸಿರಲಿಲ್ಲ.

ನಮ್ಮಲ್ಲಿ ಈಗ ನಿಯಮ ಇದೆ. ಗಣಿ ಮುಚ್ಚುವಾಗ ಏನು ಮಾಡ್ತೀರಿ ಅಂತ ಯೋಜನೆ ಕೊಡಬೇಕು, ಭದ್ರತಾ ಹಣ ಇಡಬೇಕು ಅಂತ 2003ರಲ್ಲಿ ಕೇಂದ್ರ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದಿತು. ಒಳ್ಳೇದೇ. ಆ ಹಣದ ಲೆಕ್ಕ ಹೆಕ್ಟೇರ್‌ಗೆ ಇಷ್ಟು ಅಂತ. ನನ್ನ ತಕರಾರು ಇಲ್ಲೇ. ನೀರು ಹೆಕ್ಟೇರಿನ ಒಳಗೆ ನಿಲ್ಲಲ್ಲ. ಲ್ಯಾಂಕಶೈರ್‌ನಲ್ಲಿ ನಿಲ್ಲಲಿಲ್ಲ, ಚಾಸ್‌ನಾಲಾದಲ್ಲಿ ನಿಲ್ಲಲಿಲ್ಲ, ಕ್ಸಾನ್‌ನಲ್ಲಿ ನಿಲ್ಲಲಿಲ್ಲ.

ಹಾಗಾದರೆ ಏನು ಮಾಡಬೇಕು? ಆ್ಯಂಕರ್ ಆಗಿ ಪ್ರಶ್ನೆ ಕೇಳೋದು ಸುಲಭ. ಎಂಜಿನಿಯರ್ ಆಗಿ ಮೂರು ಉತ್ತರ ಕೊಡ್ತೀನಿ. ಒಂದು, ಪ್ರತಿ ಗಣಿಯಲ್ಲೂ ಅದಿರಿನ ಪುಸ್ತಕದ ಪಕ್ಕದಲ್ಲಿ ನೀರಿನ ಪುಸ್ತಕ ಇರಬೇಕು. ದಿನಕ್ಕೆ ಎಷ್ಟು ಎತ್ತಿದಿರಿ, ಎಲ್ಲಿಗೆ ಬಿಟ್ಟಿರಿ, ಸುತ್ತಲಿನ ಬಾವಿ ಎಷ್ಟು ಇಳೀತು. ಆ ಪುಸ್ತಕ ಗ್ರಾಮ ಪಂಚಾಯ್ತಿಯ ಗೋಡೆ ಮೇಲೆ ಕಾಣಬೇಕು. ಎರಡು, ಮುಚ್ಚಿದ ಪ್ರತಿ ಗಣಿಯ ನಕ್ಷೆ ಉಳೀಬೇಕು. ಮೂರು, ಮುಚ್ಚಿದ ಮೇಲೆ ಕಾಯೋರು ಯಾರು, ಅವರ ಸಂಬಳ ಯಾರು ಕೊಡ್ತಾರೆ ಅನ್ನೋದು ಮೊದಲ ದಿನವೇ, ಗುತ್ತಿಗೆಗೆ ಸಹಿ ಹಾಕುವಾಗಲೇ, ಬರೆದಿರಬೇಕು.

ಇದು ದೊಡ್ಡ ಗಣಿಗಳ ವಿಷಯ, ನಮಗೇನು ಅಂತೀರಾ? ನಿಮ್ಮ ಊರ ಹೊರಗೆ ಒಂದು ಕಲ್ಲು ಕ್ವಾರಿ ಇದೆಯಾ ನೋಡಿ. ಕಲ್ಲು ತೆಗೆದು ಬಿಟ್ಟುಹೋದ, ಬೇಲಿ ಇಲ್ಲದ, ಹಸಿರು ನೀರು ತುಂಬಿದ ಗುಂಡಿ. ಪ್ರತಿ ಬೇಸಿಗೆ ರಜೆಯಲ್ಲಿ ನಾನು ಓದುವ ಒಂದು ಸುದ್ದಿ ಇದೆ. ಈಜಲು ಹೋದ ಬಾಲಕರು ಕ್ವಾರಿ ನೀರುಪಾಲು. ಊರಿನ ಹೆಸರು ಬದಲಾಗುತ್ತೆ, ಉಳಿದ ವಾಕ್ಯ ಅದೇ. ಕ್ವಾರಿಯ ಪರವಾನಗಿ ಯಾವಾಗಲೋ ಮುಗಿದಿರುತ್ತೆ.

ನಮ್ಮ ಹಳೇ ಕೆರೆಗಳಿಗೆ ಒಬ್ಬ ನೀರುಗಂಟಿ ಇರ್ತಿದ್ದ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಅಂತ ನೋಡೋದು, ಮಳೆಗಾಲದ ರಾತ್ರಿ ಏರಿ ಮೇಲೆ ಓಡಾಡಿ ಬಿರುಕು ಹುಡುಕೋದು ಅವನ ಕೆಲಸ. ಅದಕ್ಕೆ ಊರೇ ಅವನಿಗೆ ದವಸ ಅಳೆದು ಕೊಡ್ತಿತ್ತು. ಕೆರೆ ಕಟ್ಟಿಸಿದ ಅರಸ ಸತ್ತು ನೂರಾರು ವರ್ಷ ಆದ ಮೇಲೂ ನೀರುಗಂಟಿ ಇದ್ದ. ಅಷ್ಟು ದೂರದ ಯೋಚನೆ ಅಕ್ಷರ ಬಾರದ ಹಿರಿಯರಿಗೂ ಇತ್ತು. ನಾವು ಬೆಟ್ಟ ಅಗೆಯೋಕೆ ಕಂಪನಿ ಕಟ್ಟಿದ್ವಿ, ಘಟ್ಟದಲ್ಲಿ ಪೈಪ್ ಇಳಿಸಿದ್ವಿ. ಲಕ್ಯಾ ಒಡ್ಡಿನ ಮೇಲೆ ಮುಂದಿನ ನೂರು ಮಳೆಗಾಲ ಟಾರ್ಚ್ ಹಿಡಿದು ಓಡಾಡುವ ನೀರುಗಂಟಿ ಯಾರು ಅನ್ನೋದನ್ನ ಮಾತ್ರ ಬರೆದಿಡಲಿಲ್ಲ.

ಮುಂದಿನ ಸಲ ಯಾವುದಾದರೂ ಗಣಿಗೆ ಅನುಮತಿ ಸಿಕ್ಕಿತು ಅನ್ನೋ ಸುದ್ದಿ ನಾನು ಓದಿದಾಗ, ಎಷ್ಟು ಟನ್ ಅಂತ ಕೇಳೋದಕ್ಕೆ ಮುಂಚೆ, ಇದೊಂದನ್ನ ನೀವೂ ಕೇಳಿ.